ಬೇಕಾದೋರು ತಗೋತಾರೆ

ಇಬ್ಬರೇ ಸೇರಿ ಮೂರು ವರ್ಷ ದುಡಿದು ಆ ವಿಡಿಯೋ ಗೇಮ್ ಮಾಡಿದ್ದರು. ಕತೆ, ಸಂಭಾಷಣೆ ಎಲ್ಲ ಅವಳದು, ಪ್ರೋಗ್ರಾಮಿಂಗ್ ಅವನದು.

"ಕೊನೇ ಅಧ್ಯಾಯಕ್ಕೆ ಬೇರೆ ದುಡ್ಡು ಕೇಳೋದು ಮೋಸ ಕಣೋ," ಎಂದಳು ಅವಳು. "ಗೇಮ್ ಕೊಂಡೋರಿಗೆ ಕತೆ ಪೂರ್ತಿ ಸಿಗ್ಬೇಕು."

"ಮೋಸ ಏನ್ ಬಂತು? ಅದಿಲ್ದೇ ಇದ್ರೂ ಗೇಮ್ ಮುಗಿಯುತ್ತೆ. ಬೇಕಾದೋರು ತಗೋತಾರೆ, ಬೇಡದೋರು ಬಿಡ್ತಾರೆ."

ಕೊನೆಗೆ ಅವನು ಹೇಳಿದಂತೆಯೇ ಆಯಿತು.

ಗೇಮ್ ಬಿಡುಗಡೆಯಾದ ವಾರಕ್ಕೆ ಅವಳ ಅಕ್ಕ ಆಡಿ ಮುಗಿಸಿದಳು. ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಬಂದವು: ಅವನದು, ಅವನ ಅಪ್ಪನದು, ಅವನ ನಾಯಿಯದೂ.

"ನಿನ್ನ ಹೆಸರೆಲ್ಲೇ?" ಎಂದಳು ಅಕ್ಕ.

ಅವಳು ಅವನಿಗೆ ಫೋನ್ ಮಾಡಿ ಅದನ್ನೇ ಕೇಳಿದಳು.

"ಹಾಕಿದೀನಿ ಕಣೇ," ಅವನು ನಕ್ಕ. "ಕೊನೇ ಅಧ್ಯಾಯದಲ್ಲಿದೆ. ಬೇಕಾದ್ರೆ ತಗೊಂಡು ನೋಡು."