ಅಧ್ಯಕ್ಷರ ಮಿಮಿಕ್ರಿ

"ಎಲ್ಲಾರನ್ನೂ ಮಾಡಿದಿ, ನನ್ನ ಯಾಕ ಬಿಟ್ಟಿ?" ಅಂದರು ಕನ್ನಡ ಕೂಟದ ಅಧ್ಯಕ್ಷ ಶ್ರೀಪಾದರಾಯರು.

ಸಂಜೆ ನಾಗಪುರದ ಮಹಾಲ್ ಬಡಾವಣೆಯಲ್ಲಿ ಕೂಟದ ವಾರ್ಷಿಕೋತ್ಸವ. ಗಗನ್ ಬೆಳಿಗ್ಗೆಯೇ ಪಕ್ಕದೂರು ಕಾಮಠಿಯಿಂದ ಬೈಕಿನಲ್ಲಿ ಬಂದು, ತಾನು ಮಾಡಲಿದ್ದ ಕೂಟದ ಪದಾಧಿಕಾರಿಗಳ ಮಿಮಿಕ್ರಿಯನ್ನು ರಾಯರ ಮುಂದೆ ಮಾಡಿ ತೋರಿಸಿದ್ದ. ಅವರು ಹೂಂ ಅಂದರೆ ಮಾತ್ರ ಸ್ಟೇಜು. ಅವನಿಗದು ಜೀವನದ ಮೊದಲ ಸ್ಟೇಜು.

"ನಿಮಗೆ ಬೇಜಾರಾಗುತ್ತೇನೋ ಅಂತ ಸಾರ್..."

"ಬೇಜಾರೇನೋ ಹುಚ್ಚಾ! ತನ್ನ ಮ್ಯಾಲೆ ತಾನಽ ನಗಾಂವ ಖರೇ ದೊಡ್ಡ ಮನುಷ್ಯಾ. ಅದರಾಗ ನನ್ನ ಮೀರಿಸಾಂವ ಈ ನಾಗಪುರದಾಗ ಯಾರಿದ್ದಾರ? ಮಾಡು, ಮಾಡು."

ಗಗನ್ ಮೊಬೈಲ್ ಕ್ಯಾಮೆರಾದಲ್ಲಿ ಮುಖ ನೋಡಿಕೊಳ್ಳುತ್ತ ಕೂದಲು ತೀಡಿಕೊಂಡ. ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಎರಡಽ ಮಾತು..." ಎಂದು ಶುರುಮಾಡಿದ.

"ಅದೇನದು, ಕೂದಲಾ?"

"ನೀವು ಮಾಡ್ತೀರಲ್ಲ ಸಾರ್."

"ಯಾವಾಗ? ತಗದ್ಹಾಕು. ಧ್ವನಿ ಜರಾ ಗಂಭೀರ ಇರ್ಲಿ. ಮತ್ತ ನಾ ಯಾರ ಮಾತೂ ನಡುವ ಕಡಿಯೂದಿಲ್ಲ..."

"ಸಾರ್, ಈಗ ತಾನೇ ನೀವು..."

"ಸುಮ್ಮನ ಕೇಳು!"

ಊಟದ ಹೊತ್ತಿಗೆ ಕೂದಲು ಹೋಯಿತು, ಕೆಮ್ಮು ಹೋಯಿತು, ಆ ಎರಡು ಮಾತೂ ಹೋದವು. ಉಳಿದವನು ಒಬ್ಬ ಮಿತಭಾಷಿ, ಶಾಂತಮೂರ್ತಿ, ಎದುರಿನವರ ಮಾತಿಗೆ ಕಿವಿಗೊಡುವ ಮಹಾಪುರುಷ.

"ಎಂಟ್ರಿಗೆ ಧೂಳೇಳಿಸೋಣ್ವಾ ಸಾರ್? ಸ್ಲೋ ಮೋಷನ್ನಲ್ಲಿ ಬಂದುಬಿಡ್ಲಾ?" ಗಗನ್ ಹಲ್ಲು ಕಿರಿದ.

"ಬರೋಬರ್! ಈಗ ಸಿಕ್ತು ನೋಡು ನಿನಗ ನನ್ನ ನಡಿಗಿ," ಅಂದರು ರಾಯರು. ಅವರು ನಗುತ್ತಿರಲಿಲ್ಲ.

ಸಂಜೆ ಕಾರ್ಯದರ್ಶಿಯ ಮಿಮಿಕ್ರಿಗೆ ಸಭೆ ಹೊಟ್ಟೆ ಹಿಡಿದುಕೊಂಡಿತು. ಖಜಾಂಚಿಯದಕ್ಕೆ ಕುರ್ಚಿಗಳೇ ಕುಣಿದವು. ಕೊನೆಗೆ ಗಗನ್ ಸ್ಲೋ ಮೋಷನ್ನಲ್ಲಿ ನಡೆದು ಬಂದು, ಮೆಲ್ಲಗೆ, ತೂಕವಾಗಿ ನಾಲ್ಕು ಮಾತಾಡಿದ. ಒಬ್ಬರೂ ನಗಲಿಲ್ಲ.

ಮುಂದಿನ ಸಾಲಿನಲ್ಲಿ ರಾಯರ ಹೆಂಡತಿ ವಸುಧಾ ಗಂಡನತ್ತ ಬಾಗಿದರು. ಮೆಲ್ಲಗೇ ಕೇಳಿದರು, ಆದರೆ ಆ ಮೌನದಲ್ಲಿ ಇಡೀ ಹಾಲ್‌ಗೆ ಕೇಳಿಸಿತು:

"ಯಾರ್ರೀ ಇವರು, ಈ ಹುಡುಗ ಮಾಡಿ ತೋರಸೂದು? ಭಾಳ ಛಲೋ ಮನುಷ್ಯಾ ಕಾಣ್ತಾರ. ಒಮ್ಮೆ ಮನಿಗೆ ಕರೀರಲ್ಲ."

ರಾಯರು ಧಡಕ್ಕನೆ ಎದ್ದು ನಿಂತರು. "ಏ, ಅದು ನಾನಽ!"

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ವಸುಧಾ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ರಾಯರು ಸಭೆಯತ್ತ ತಿರುಗಿ ಕೈಮುಗಿದರು. ಆಮೇಲೆ ಸ್ಟೇಜಿನತ್ತ ನೋಡಿ ಹುಬ್ಬು ಹಾರಿಸಿದರು.

"ನೋಡಿದೇನು ಹೀರೋ? ನಿನ್ನ ಕೈಲೆ ಆಗಲಿಲ್ಲ. ಕಡೀಕ ನಾನಽ ನಗಸಬೇಕಾತು."