ಎಂಟು ತಿಂಗಳ ಹಾಜರಿ

“ಎಂಟು ತಿಂಗಳೂ ತಪ್ಪದೆ ಬಂದಿದ್ದೀರಲ್ಲ ಬೆಟ್ಟಮ್ಮ. ಆದ್ರೂ ಓಡ್ತಿರೋ ಮಿಷನ್ನಿಗೆ ಕೈ ಹಾಕಿದ್ರಾ?” ಸುನಿತಾ ಹಾಜರಿ ಪುಸ್ತಕವನ್ನು ಆಸ್ಪತ್ರೆಯ ಮಂಚದ ಮೇಲೆ ಬಿಚ್ಚಿಟ್ಟಳು. ಸಣ್ಣಪುಟ್ಟ ಉದ್ದಿಮೆಯ ಹೆಂಗಸರಿಗೂ ಅವರ ಕೆಲಸದವರಿಗೂ ಕೆ.ಆರ್. ಪೇಟೆಯಲ್ಲಿ ತಿಂಗಳಿಗೊಂದು ದಿನ ಯಂತ್ರ ಸುರಕ್ಷತೆಯ ತರಬೇತಿ ನಡೆಸುತ್ತಿದ್ದವಳು ಅವಳು.

ಬೆಟ್ಟಮ್ಮ ಪುಸ್ತಕದ ಕಡೆ ತಿರುಗಲಿಲ್ಲ. ಬಿಳಿ ಬಟ್ಟೆ ಸುತ್ತಿದ ಬಲಗೈ ಮೊಣಕೈಗೇ ಮುಗಿದುಹೋಗಿತ್ತು. ಅದನ್ನೇ ನೋಡುತ್ತಿದ್ದಳು. ಮಮತ ಗೋಡೆಗೊರಗಿ ನಿಂತಿದ್ದಳು.

ಹೊಸಹೊಳಲಿನಲ್ಲಿದ್ದ ಮಮತಳ ಖಾರದಪುಡಿ ಘಟಕದಲ್ಲಿ ಬೆಟ್ಟಮ್ಮ ಸೇರಿ ಮೂವರು ಕೆಲಸದವರು. ತರಬೇತಿಯ ದಿನ ಅವಳೊಬ್ಬಳೇ ಹೋಗಿ, ಮೂವರ ಹೆಸರಿನ ಮುಂದೂ ಒಂದೊಂದು ಬಗೆಯ ಅಕ್ಷರದಲ್ಲಿ ಸಹಿ ಹಾಕಿ, ಹತ್ತೂವರೆ ಬಸ್ಸಿಗೆ ವಾಪಸಾಗುತ್ತಿದ್ದಳು. “ಚೆನ್ನಾಗಿ ಓಡೋ ಮಿಷನ್ ನಿಲ್ಸಿ ಪಾಠ ಕೇಳೋಕೆ ನಮಗೇನು ಹುಚ್ಚಾ? ಏನಾದ್ರೂ ಕೆಟ್ಟಾಗ ಕಲಿತರಾಯ್ತು” ಎಂದು ಗಂಡನ ಮುಂದೆ ನಕ್ಕಿದ್ದಳು. ನಾಲ್ಕು ವರ್ಷ ಏನೂ ಕೆಟ್ಟಿರಲಿಲ್ಲ. ಮೊನ್ನೆ ಗುರುವಾರ, ಬೆಲ್ಟಿಗೆ ಸುತ್ತಿಕೊಂಡ ಚೀಲದ ದಾರ ಕೀಳಲು ಬೆಟ್ಟಮ್ಮ ಕೈ ಚಾಚಿದಳು. ಮಮತ ಒಳಗಿನಿಂದ ಓಡಿಬಂದು ಮೇನ್ ಸ್ವಿಚ್ ಆರಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು.

“ಗೊತ್ತಿದ್ದೂ ಕೈ ಹಾಕಿದ್ರು ಅಂತಾದ್ರೆ ಇವರಿಗೆ ಪರಿಹಾರ ಸಿಗೋದು ಕಷ್ಟ. ಹೇಳಿಕೊಟ್ಟೇ ಇರಲಿಲ್ಲ ಅಂತಾದ್ರೆ ನಿಮ್ಮ ಘಟಕಕ್ಕೆ ಬೀಗ. ನಾನೇನು ವರದಿ ಬರೀಲಿ ಮಮತಾ?”

ಮಮತ ಹಾಜರಿ ಪುಸ್ತಕದ ಸಹಿಗಳ ಮೇಲೆ ಕಣ್ಣಾಡಿಸಿದಳು.

“ಮಮತವ್ವನ್ನ ಯಾಕೆ ಕೇಳೀರಿ?” ಎಂದಳು ಬೆಟ್ಟಮ್ಮ. “ನಂದೇ ತಪ್ಪು ಅಂತ ಬರ್ಕಳಿ. ನನ್ ಮಕ್ಳು ಓದಕೆ ಫೀಜು ಕೊಟ್ಟವ್ರೆ. ಅವ್ರ ಬಾಗ್ಲು ಮುಚ್ಚಿಸಿ ನಾನೇನು ಉದ್ಧಾರ ಆಗಾದು?”

ಮಮತ ತಲೆ ತಗ್ಗಿಸಿದಳು. ಇಷ್ಟು ಹೊತ್ತು ಅವಳು ಹೆದರಿದ್ದು ಬೆಟ್ಟಮ್ಮನ ಬೈಗುಳಕ್ಕೆ. ಅದಾದರೂ ಬಂದಿದ್ದರೆ ತಡೆದುಕೊಳ್ಳಬಹುದಿತ್ತು.

ಸುನಿತಾ ಪೆನ್ನು ತೆಗೆದಳು. “ಅದಿರಲಿ, ಕೆಂಪು ಗುಂಡಿ ಯಾಕೆ ಒತ್ತಲಿಲ್ಲ? ತಿಂಗಳು ತಿಂಗಳೂ ಅದನ್ನೇ ತಾನೇ ತೋರಿಸೋದು? ಒಂದು ಸಲ ಒತ್ತಿದ್ರೆ ಮಿಷನ್ ನಿಂತುಬಿಡ್ತಿತ್ತು. ನಾನು ಹೋಗಿ ನೋಡ್ಕೊಂಡು ಬಂದೆ, ನೀವು ನಿಂತಿದ್ದ ಜಾಗದಿಂದ ಎಡಗೈಗೇ ಎಟುಕುತ್ತೆ.”

“ಯಾವ ಗುಂಡಿ?”

“ಮಿಷನ್ನಿನ ಪಕ್ಕದಲ್ಲೇ ಇದೆಯಲ್ಲ. ದುಂಡಗೆ, ಕೆಂಪಗೆ.”

ಬೆಟ್ಟಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಮಮತಳಿಗೆ ಮಾತ್ರ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಪ್ರತಿ ಆಯುಧಪೂಜೆಗೂ ತಾನೇ ಅದರ ಸುತ್ತ ಅರಿಶಿನ ಬಳಿದು, ನಡುವೆ ಕುಂಕುಮವಿಟ್ಟು, ಮೇಲೊಂದು ಚೆಂಡುಹೂವು ಸಿಕ್ಕಿಸುತ್ತಿದ್ದಳು.

“ಓ, ತಾಯಿ ಬೊಟ್ಟಾ?” ಬೆಟ್ಟಮ್ಮನ ಮುಖ ಅರಳಿತು. “ಅದು ಗೊತ್ತು ಬುಡಿ. ದಿನಾ ಅದ್ಕೆ ಕೈ ಮುಗ್ದೇ ಕೆಲ್ಸ ಸುರು ಮಾಡ್ತಿದ್ದೆ. ಅವತ್ತೂ ‘ಕಾಪಾಡು ತಾಯಿ’ ಅಂತ ಅದ್ನೇ ನೋಡ್ತಿದ್ದೆ ಕಣವ್ವ. ಬಲಗೈ ಸಿಕ್ಕಾಕಂಡಿತ್ತಲ್ಲ. ಎಡಗೈಲಿ ಎಂಗೆ ಮುಟ್ಟಾದು?”