ಗೋಡೆಗೊಂದು ಫೋಟೋ

"ನನ್ನ ತೆಗ್ದ್‌ಬುಡಣ್ಣ," ಎಂದ ಶ್ರೀರಾಮುಲು.

ಹೆಂಡತಿ ಬನಶಂಕರಿ ಥಟ್ಟನೆ ಅವನತ್ತ ತಿರುಗಿದಳು. ಕಂಪ್ಯೂಟರ್ ಪರದೆಯ ಮೇಲಿದ್ದುದು ಅವರ ಮದುವೆಯ ಫೋಟೋ. ಸ್ಟುಡಿಯೋದ ಓಬಳಪ್ಪ ಮೌಸ್ ಎಳೆದು ಅವಳ ಸುತ್ತ ಒಂದು ಚೌಕ ಹಾಕಿದ, ಕಟಕ್ ಎನಿಸಿದ. ಗಂಡ ಮಾಯವಾದ. ಅವಳ ಭುಜದ ಮೇಲೆ ಅವನ ನಾಲ್ಕು ಬೆರಳು ಮಾತ್ರ ಉಳಿದವು.

"ಯಾಕೆ? ನೀವೂ ಇರ್ಬೇಕಲ್ವಾ?" ಎಂದಳು ಮೆಲ್ಲಗೆ.

"ನನ್ನ ಮುಖ ಯಾರು ನೋಡ್ಬೇಕು? ನೀನೊಬ್ಳೇ ಇರು. ದೊಡ್ಡದು ಮಾಡ್ಸಿ ನಡುಮನೆ ಗೋಡೆಗೆ ಹಾಕ್ತೀನಿ."

ಮದುವೆಯಾಗಿ ಒಂಬತ್ತು ವರ್ಷ. ಮಡಿಲು ತುಂಬಿರಲಿಲ್ಲ. ಮಗನಿಗೆ ಇನ್ನೊಂದು ಮದುವೆ ಮಾಡುತ್ತೇನೆಂದು ಅತ್ತೆ ಪೆದ್ದಕ್ಕ ಎರಡು ವರ್ಷದಿಂದ ಹೆಣ್ಣು ಹುಡುಕುತ್ತಿದ್ದಳು. ಹೆಂಡತಿ ಬದುಕಿರುವವನಿಗೆ ಮಗಳನ್ನು ಕೊಡಲು ಯಾರೂ ಒಪ್ಪಿರಲಿಲ್ಲ. ಬನಶಂಕರಿ ಆ ಮನೆಯಲ್ಲಿ ಇನ್ನೂ ಉಳಿದಿದ್ದೇ ಅದರಿಂದ. ಬೇಡಮ್ಮ ಎಂದು ಗಂಡ ಒಮ್ಮೆಯೂ ಬಾಯಿ ಬಿಟ್ಟವನಲ್ಲ. ಅಂಥವನು ಇವತ್ತು ಕಲ್ಯಾಣದುರ್ಗದಿಂದ ಹಿಂದೂಪುರದವರೆಗೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಬಂದಿದ್ದ! ಗೋಡೆ ಏರಿದವಳನ್ನು ಇನ್ನು ಯಾರು ಹೊರಗೆ ಹಾಕಿಯಾರು?

ತೊಂಬತ್ತೆಂಟರ ಬೇಸಿಗೆ ಅದು. ಸ್ಟುಡಿಯೋಗೆ ಕಂಪ್ಯೂಟರ್ ಬಂದು ಆರು ತಿಂಗಳೂ ಆಗಿರಲಿಲ್ಲ.

"ಇದೇನ್ ಬ್ರಹ್ಮವಿದ್ಯೆ ಅಲ್ಲ ಕಣಮ್ಮ," ಎಂದ ಓಬಳಪ್ಪ. "ಈ ಪ್ರೋಗ್ರಾಮು ಕಂಪ್ಯೂಟರ್ ಜೊತೆ ಪುಕ್ಕಟೆ ಬಂದಿದ್ದು. ಅಳಿಸೋದು, ಬಳಿಯೋದು, ಅಷ್ಟೇ."

ಸೀರೆಯ ಬಣ್ಣವನ್ನೇ ಎತ್ತಿಕೊಂಡು ಆ ನಾಲ್ಕು ಬೆರಳುಗಳ ಮೇಲೆ ಬಳಿದ. ಹಿಂದಿನ ಚಪ್ಪರ ಅಳಿಸಿ ನೀಲಿ ತುಂಬಿದ. ಪರದೆಯ ಮೇಲೆ ಅವಳ ಮುಖ ಬೆಳ್ಳಗಾಯಿತು.

"ಕುಂಕುಮ ಇನ್ನೂ ಅಗಲ ಮಾಡಣ್ಣ," ಎಂದ ಶ್ರೀರಾಮುಲು. "ಮುತ್ತೈದೆ ಅಂತ ಎದ್ದು ಕಾಣ್ಬೇಕು."

ಓಬಳಪ್ಪ ಒಮ್ಮೆ ಅವನ ಮುಖ ನೋಡಿದ, ಒಮ್ಮೆ ಅವಳದು. ಏನೋ ಕೇಳಲು ಹೋಗಿ ಮತ್ತೆ ಮೌಸ್ ಹಿಡಿದ. ಬನಶಂಕರಿ ನಾಚಿಕೆಯಿಂದ ತಲೆ ತಗ್ಗಿಸಿದಳು.

ಅಲ್ಲಿಂದ ಗಂಡ ಅವಳನ್ನು ನೇರವಾಗಿ ಪರಿಗಿಯ ಬಸ್ ಹತ್ತಿಸಿದ. "ಅಮ್ಮನ ಮನೇಲಿ ಒಂದು ವಾರ ಆರಾಮಾಗಿರು. ನಾನೇ ಬಂದು ಕರ್ಕೊಂಡ್ ಹೋಯ್ತೀನಿ. ಸರೇನಾ?"

ಮೂರು ವರ್ಷದಿಂದ ತವರಿಗೆ ಕಳಿಸದವನ ಬಾಯಲ್ಲಿ ಈ ಮಾತು! ಅವಳಿಗೆ ಕಣ್ಣು ತುಂಬಿ ಬಂತು.

ತವರಿನಲ್ಲಿ ನಾಲ್ಕು ದಿನ ಇದ್ದದ್ದೇ ಹೆಚ್ಚು. ಗೋಡೆಯ ಮೇಲೆ ತಾನು ಹೇಗೆ ಕಾಣುತ್ತೇನೋ ಎಂಬ ಯೋಚನೆಯಲ್ಲಿ ಅನ್ನ ಸೇರಲಿಲ್ಲ. ಐದನೆಯ ದಿನ ಬೆಳಗ್ಗೆ ಕಲ್ಯಾಣದುರ್ಗಕ್ಕೆ ಹೊರಟೇಬಿಟ್ಟಳು.

ಮನೆ ಬಾಗಿಲಲ್ಲಿ ಗುರುತಿಲ್ಲದ ಚಪ್ಪಲಿಗಳ ರಾಶಿ. ನಡುಮನೆಯಲ್ಲಿ ಜಮಖಾನ ಹಾಸಿತ್ತು. ಪಾವಗಡದ ಕಡೆಯ ಐದಾರು ಮಂದಿ ಕಾಫಿ ಕುಡಿಯುತ್ತಿದ್ದರು. ಅವಳನ್ನು ಕಂಡು ಶ್ರೀರಾಮುಲುವಿನ ಲೋಟ ಅರ್ಧದಲ್ಲೇ ನಿಂತಿತು. ಬಂದವರಲ್ಲಿ ಹಿರಿಯಳೊಬ್ಬಳು ಅವಳನ್ನು ದಿಟ್ಟಿಸಿದಳು, ಗೋಡೆ ನೋಡಿದಳು, ಮತ್ತೆ ಅವಳನ್ನೇ ನೋಡಿದಳು.

"ಈಯಮ್ಮ ಯಾರು?"

ಪೆದ್ದಕ್ಕ ತಡವರಿಸಲಿಲ್ಲ. ಗೋಡೆಯ ಫೋಟೋಗೆ ಹಾಕಿದ್ದ ಗಂಧದ ಹಾರವನ್ನು ನೇರ ಮಾಡುತ್ತ ಹೇಳಿದಳು: "ಹೋದ್ವರ್ಷ ತೀರ್ಕೊಂಡ್ಳಲ್ಲ ನನ್ನ ಸೊಸೆ, ಅವಳ ತಂಗಿ ಕಣಮ್ಮ."